ಹಸಿ ಒಣಕ್ಕೆ ತಾಗಬಾರದು: ಬೆಂಗಳೂರಿನ ಮನೆ, ಅಂಗಡಿಗಳಲ್ಲಿ ಕಸ ಬೇರ್ಪಡಿಸುವ ಕ್ರಮ

ಬೆಳಿಗ್ಗೆ ಆರೂಮುಕ್ಕಾಲಿಗೆ ನಮ್ಮ ಬೀದಿಯಲ್ಲಿ ಸೀಟಿ ಕೇಳಿಸುತ್ತದೆ. ಆಟೋ ಟಿಪ್ಪರ್ ಬಂತು ಅಂತ ಅರ್ಥ. ಒಬ್ಬರು ಹಸಿರು ಡಬ್ಬಿ ಹಿಡಿದು ಮೆಟ್ಟಿಲಿಳಿಯುತ್ತಾರೆ, ಇನ್ನೊಬ್ಬರು ರಾತ್ರಿಯೇ ಗಂಟು ಕಟ್ಟಿಟ್ಟ ಕಪ್ಪು ಕವರ್ ಹಿಡಿದು ಓಡುತ್ತಾರೆ. ಟಿಪ್ಪರ್ ಹಿಂದೆ ನಿಂತ ಹೆಂಗಸು ಆ ಗಂಟನ್ನು ಬೆರಳಿನಲ್ಲೇ ಹರಿಯುತ್ತಾಳೆ. ಅನ್ನ, ಸಾರು, ಮಗುವಿನ ಡೈಪರ್, ಬಿಸ್ಕತ್ತಿನ ರಟ್ಟು, ಒಡೆದ ಲೋಟ ಎಲ್ಲ ಒಂದೇ ಮುದ್ದೆ. ಅದರಿಂದ ರಟ್ಟನ್ನು ಎಳೆದು ನೋಡುತ್ತಾಳೆ, ಸಾರಿನಲ್ಲಿ ನೆನೆದಿದೆ, ವಾಪಸ್ ಎಸೆಯುತ್ತಾಳೆ. ಒಣಗಿದ್ದರೆ ಅದಕ್ಕೆ ಕಿಲೋ ಲೆಕ್ಕದಲ್ಲಿ ಬೆಲೆ ಇತ್ತು. ನೆನೆದ ಮೇಲೆ ಅದು ಬರೀ ಭಾರ.

ಕಸದ ನಿಯಮ ಅಂದರೆ ಬಹಳ ಜನ ದೊಡ್ಡ ಪಟ್ಟಿ ಬಾಯಿಪಾಠ ಮಾಡಬೇಕು ಅಂದುಕೊಂಡು ಕೈಬಿಡುತ್ತಾರೆ. ಹನ್ನೊಂದು ವರ್ಷದಿಂದ ಇಪ್ಪತ್ತನಾಲ್ಕು ಮನೆಗಳ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ಕೆಲಸ ನೋಡಿಕೊಂಡಿರುವ ನಾನು ಹೇಳೋದು ಒಂದೇ: ಹಸಿ ಒಣಕ್ಕೆ ತಾಗಬಾರದು. ನಿಯಮಗಳ ಮುಕ್ಕಾಲು ಪಾಲು ಇದರಿಂದಲೇ ಹುಟ್ಟಿದ್ದು.

ಈಗಿರುವ ನಿಯಮ ಏನು

ಬೆಂಗಳೂರಿನಲ್ಲಿ ಕಸವನ್ನು ಮನೆಯಲ್ಲೇ ಬೇರ್ಪಡಿಸುವುದು ಕಡ್ಡಾಯವಾದದ್ದು 2012ರಲ್ಲಿ. ಮಾವಳ್ಳಿಪುರದ ಜನ ತಮ್ಮೂರಿಗೆ ಕಸದ ಲಾರಿ ಬೇಡ ಎಂದು ತಡೆದ ವರ್ಷ ಅದು. ಅಲ್ಲಿಂದ ಹೊರೆಯೆಲ್ಲ ಮಂಡೂರಿಗೆ ಹೋಯಿತು. ಅಲ್ಲಿಯವರೂ ಬೀದಿಗಿಳಿದರು, 2014ರ ಕೊನೆಗೆ ಅದೂ ನಿಂತಿತು. ಹಸಿ ಕಸ ಗುಡ್ಡೆಯಾಗಿ ಕೊಳೆತರೆ ಕಪ್ಪು ನೀರು ಇಳಿಯುತ್ತದೆ, ಅದು ಸುತ್ತಲಿನ ಬಾವಿ, ಕೆರೆ ಸೇರುತ್ತದೆ. ನಮ್ಮ ಅಡುಗೆಮನೆಯ ಸಿಪ್ಪೆ ಅವರ ಕುಡಿಯುವ ನೀರಿಗೆ ಬಿದ್ದದ್ದು ಹೀಗೆ.

2015ರಲ್ಲಿ ಹೈಕೋರ್ಟು ‘ಎರಡು ಡಬ್ಬಿ, ಒಂದು ಚೀಲ’ ಪದ್ಧತಿಯನ್ನೇ ಪಾಲಿಸಬೇಕೆಂದು ಹೇಳಿತು. ಹಸಿರು ಡಬ್ಬಿ ಹಸಿ ಕಸಕ್ಕೆ, ಕೆಂಪು ಡಬ್ಬಿ ಪ್ಯಾಡು, ಡೈಪರ್ ಥರದ್ದಕ್ಕೆ, ಚೀಲ ಒಣ ಕಸಕ್ಕೆ. ದೇಶಕ್ಕೆಲ್ಲ ಅನ್ವಯಿಸುತ್ತಿದ್ದ 2016ರ ಘನತ್ಯಾಜ್ಯ ನಿಯಮಗಳ ಜಾಗಕ್ಕೆ 2026ರ ಏಪ್ರಿಲ್ 1ರಿಂದ ಹೊಸ ನಿಯಮಗಳು ಬಂದಿವೆ. ಅವುಗಳ ಪ್ರಕಾರ ಕಸ ನಾಲ್ಕು ವಿಧ: ಹಸಿ, ಒಣ, ಸ್ಯಾನಿಟರಿ, ಮತ್ತು ವಿಶೇಷ ಎಚ್ಚರಿಕೆಯಿಂದ ನೋಡಿಕೊಳ್ಳಬೇಕಾದದ್ದು, ಅಂದರೆ ಪೇಂಟ್ ಡಬ್ಬ, ಬಲ್ಬು, ಹಳೇ ಮಾತ್ರೆ, ಪಾದರಸದ ಥರ್ಮಾಮೀಟರ್ ಇಂಥವು. ಎರಡು ಡಬ್ಬಿ ಒಂದು ಚೀಲ ಇಟ್ಟುಕೊಂಡವರಿಗೆ ಇದರಿಂದ ತಲೆಬಿಸಿ ಏನಿಲ್ಲ. ಅಟ್ಟದ ಮೇಲೋ ಬಾಲ್ಕನಿಯಲ್ಲೋ ಒಂದು ರಟ್ಟಿನ ಪೆಟ್ಟಿಗೆ ಜಾಸ್ತಿ ಇಟ್ಟರೆ ನಾಲ್ಕಾಯಿತು.

ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರಿನಿಂದ ಐದು ನಗರಪಾಲಿಕೆಗಳಾಗಿವೆ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದೆ. ಕಸ ನೋಡಿಕೊಳ್ಳುವುದು ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ. ಅದರ ಶುಲ್ಕ 2025ರ ಏಪ್ರಿಲಿನಿಂದ ಆಸ್ತಿ ತೆರಿಗೆಯ ಜೊತೆಗೇ ಬರುತ್ತಿದೆ: 600 ಚದರಡಿವರೆಗಿನ ಮನೆಗೆ ತಿಂಗಳಿಗೆ 10 ರೂಪಾಯಿ, 4,000 ಚದರಡಿ ದಾಟಿದರೆ 400.

ಮೊದಲ ಕೆಲಸ: ಡಬ್ಬಿ ಎಲ್ಲಿಡಬೇಕು

ಯಾವ ಡಬ್ಬಿ ಕೊಳ್ಳಬೇಕು ಅನ್ನೋದಕ್ಕಿಂತ ಎಲ್ಲಿಡಬೇಕು ಅನ್ನೋದೇ ಮುಖ್ಯ. ತರಕಾರಿ ಹೆಚ್ಚುವ ಕೈಗೆ ಎಟುಕುವ ಕಡೆ ಹಸಿರು ಡಬ್ಬಿ ಇರಬೇಕು. ಒಣ ಕಸದ ಚೀಲ ಅಡುಗೆಮನೆಯಿಂದ ಹೊರಗೆ, ಯುಟಿಲಿಟಿಯ ಗೋಡೆಗೋ ಬಾಗಿಲ ಹಿಂದಿನ ಮೊಳೆಗೋ ನೇತಾಡಲಿ. ಎರಡೂ ಪಕ್ಕಪಕ್ಕ ಇದ್ದರೆ ಅವಸರದ ಕೈ ತಪ್ಪುತ್ತದೆ. ಅಕ್ಕಿಯ ಹಳೇ ಚೀಲವಾದರೂ ಸಾಕು, ಒಣಗಿದ್ದರಾಯಿತು. ಕೆಂಪು ಡಬ್ಬಿ ಸ್ನಾನದ ಮನೆಯಲ್ಲಿ, ಮುಚ್ಚಳವಿದ್ದದ್ದು.

ಹಸಿ ಕಸದ ಡಬ್ಬಿಗೆ ಪ್ಲಾಸ್ಟಿಕ್ ಕವರ್ ಹಾಕಬೇಡಿ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ 2016ರಿಂದಲೂ ನಿಷೇಧವಿದೆ, ದಪ್ಪ ಎಷ್ಟಾದರೂ ಸರಿ. ತಳಕ್ಕೆ ಎರಡು ಹಾಳೆ ದಿನಪತ್ರಿಕೆ ಹಾಸಿ, ಅದು ನೀರು ಹೀರುತ್ತದೆ, ಕಸದ ಜೊತೆಗೇ ಕೊಳೆಯುತ್ತದೆ. ಡಬ್ಬಿ ತೊಳೆಯುವ ಕೆಲಸ ಯಾರದು ಅನ್ನೋ ಜಗಳ ನಮ್ಮ ಮನೆಯಲ್ಲಿ ಬಗೆಹರಿದಿದ್ದು ಈ ಹಾಳೆಗಳಿಂದಲೇ.

ಹಸಿರು ಡಬ್ಬಿ

ಸಿಪ್ಪೆ, ಉಳಿದ ಅನ್ನ, ಕಾಫಿ ಗಸಿ, ಟೀ ಸೊಪ್ಪು, ಮೊಟ್ಟೆ ಚಿಪ್ಪು, ಮೀನು-ಕೋಳಿಯ ಮೂಳೆ, ಬಾಳೆಎಲೆ, ಮುತ್ತುಗದ ಎಲೆ, ದೇವರಿಗೆ ಏರಿಸಿದ ಹೂವು, ಕೈ ಒರೆಸಿದ ಟಿಶ್ಯೂ. ಇಷ್ಟು ಎಲ್ಲರಿಗೂ ಗೊತ್ತು. ಜನ ಎಡವೋದು ಇಲ್ಲಿ ಕೆಳಗೆ.

ಹೂವಿನ ಹಾರ: ಬಾಳೆನಾರಿನಲ್ಲಿ ಕಟ್ಟಿದ್ದರೆ ಹಾಗೇ ಹಾಕಿ. ಪ್ಲಾಸ್ಟಿಕ್ ದಾರ, ಮಿಂಚುವ ಜರಿ ಇದ್ದರೆ ಕತ್ತರಿಸಿ ಎಳೆದುಬಿಡಿ. ಕತ್ತರಿಸುವ ಯಂತ್ರದ ಬ್ಲೇಡಿಗೆ ಈ ದಾರ ಸುತ್ತಿಕೊಂಡರೆ ಗೊಬ್ಬರ ಘಟಕದವರ ಆ ದಿನದ ಕೆಲಸ ಕೆಟ್ಟಿತು.

ಹೋಟೆಲ್ ಪಾರ್ಸೆಲ್: ಬಾಳೆಎಲೆ ಹಸಿಗೆ, ಎಣ್ಣೆ ಹೀರಿದ ಪೇಪರೂ ಹಸಿಗೆ. ಸಾಂಬಾರ್ ಪೊಟ್ಟಣದ ಬಾಯಿ ಕತ್ತರಿಸಿ, ಉಳಿದದ್ದನ್ನು ಡಬ್ಬಿಗೆ ಸುರಿದು, ಕವರನ್ನು ಒಂದು ಸಲ ನೀರಲ್ಲಿ ಆಡಿಸಿ ಒಣಗಲು ಬಿಡಿ. ಪಿಜ್ಜಾ ಡಬ್ಬವನ್ನು ಹರಿಯಿರಿ, ಎಣ್ಣೆ ಕುಡಿದ ತಳ ಹಸಿಗೆ, ಮುಚ್ಚಳ ಒಣಕ್ಕೆ.

ಎಳನೀರು ಬುರುಡೆ ಈ ಡಬ್ಬಿಗಲ್ಲ. ಅದು ಬೇಗ ಕೊಳೆಯಲ್ಲ, ಬೇರೆಯಾಗಿಯೇ ಕೊಡಬೇಕು. ಒಡೆದ ತೆಂಗಿನ ಚಿಪ್ಪು ಒಣ ಕಸ. ಬಾಚಣಿಗೆಯಿಂದ ತೆಗೆದ ಕೂದಲೂ ಒಣ ಕಸವೇ. ಇದನ್ನು ಕೇಳಿ ನಮ್ಮತ್ತೆ ಒಂದು ವಾರ ನಂಬಲಿಲ್ಲ. ಗುಡಿಸಿದ ಧೂಳು ಕೆಂಪು ಡಬ್ಬಿಗೆ. ಉದುರಿದ ಎಲೆ, ಕತ್ತರಿಸಿದ ಗಿಡ ತೋಟದ ಕಸ, ಅದನ್ನೂ ಬೇರೆ ಚೀಲದಲ್ಲಿಡಿ. ಮೂಲೆಗೆ ಗುಡಿಸಿ ಬೆಂಕಿ ಹಚ್ಚೋದು ನಿಷಿದ್ಧ, ಚಳಿಗಾಲದ ಬೆಳಿಗ್ಗೆ ಎಷ್ಟೇ ಹಿತವಾಗಿದ್ದರೂ.

ಅವರೆಕಾಯಿ ಕಾಲದಲ್ಲಿ ಡಬ್ಬಿ ಸಾಲೋದಿಲ್ಲ. ಡಿಸೆಂಬರ್, ಜನವರಿಯಲ್ಲಿ ಐದು ಕಿಲೋ ಕಾಯಿ ತಂದು ಸುಲಿದರೆ ಸಿಪ್ಪೆಯೇ ಒಂದು ರಾಶಿ, ಹಿತಕವರೆ ಮಾಡಿದರಂತೂ ಮೇಲಿನ ಪೊರೆ ಬೇರೆ. ಆ ದಿನ ಸಿಪ್ಪೆಯನ್ನು ಹಳೇ ಪೇಪರಿನಲ್ಲಿ ಸುತ್ತಿ ಹಾಗೇ ಕೊಡಿ, ಕವರಿಗೆ ತುಂಬಬೇಡಿ. ಆಯುಧಪೂಜೆಯ ಬಾಳೆಕಂದು, ಒಡೆದ ಬೂದುಗುಂಬಳಕಾಯಿಯದ್ದೂ ಇದೇ ಕತೆ. ಅವನ್ನು ರಸ್ತೆ ಮಧ್ಯೆ ಬಿಡದೆ ಮರುದಿನ ಬೆಳಿಗ್ಗೆ ಟಿಪ್ಪರಿಗೆ ಹಾಕಿದರೆ ಪೌರಕಾರ್ಮಿಕರ ಬೆನ್ನು ಉಳಿಯುತ್ತದೆ, ಬೈಕಿನವರ ಮೊಣಕಾಲೂ.

ಒಣ ಕಸದ ಚೀಲ: ತೊಳೆ, ಒಣಗಿಸು, ತುಂಬು

ಹಾಲಿನ ಕವರಿನಿಂದ ಶುರು ಮಾಡೋಣ, ದಿನಾ ಬೆಳಿಗ್ಗೆ ಎಲ್ಲರ ಕೈಗೂ ಬರೋದು ಅದೇ. ಮೂಲೆ ಕತ್ತರಿಸುವಾಗ ಆ ಚಿಕ್ಕ ತ್ರಿಕೋನದ ತುಂಡನ್ನು ಪೂರ್ತಿ ಬೇರೆ ಮಾಡಬೇಡಿ, ಒಂದು ಎಳೆ ಅಂಟಿಕೊಂಡಿರಲಿ. ಉದುರಿದ ತುಂಡನ್ನು ಯಾರೂ ಆರಿಸುವುದಿಲ್ಲ, ಅದು ಸಿಪ್ಪೆಯ ಜೊತೆ ಗೊಬ್ಬರಕ್ಕೋ ನೀರಿನ ಜೊತೆ ಮೋರಿಗೋ ಹೋಗುತ್ತದೆ. ಹಾಲು ಸುರಿದ ಮೇಲೆ ಕವರಿಗೆ ಸ್ವಲ್ಪ ನೀರು ಹಾಕಿ ಆಡಿಸಿ, ಆ ನೀರನ್ನು ಗಿಡಕ್ಕೋ ಕಾಫಿ ಪಾತ್ರೆಗೋ ಸುರಿಯಿರಿ. ಒದ್ದೆ ಕವರನ್ನು ಸಿಂಕಿನ ಮೇಲಿನ ಟೈಲ್ಸಿಗೆ ಅಂಟಿಸಿದರೆ ಅಲ್ಲೇ ನಿಲ್ಲುತ್ತದೆ, ಮಧ್ಯಾಹ್ನದ ಹೊತ್ತಿಗೆ ಒಣಗಿ ತಾನೇ ಕಳಚಿಕೊಳ್ಳುತ್ತದೆ. ತೊಳೆಯದ ಕವರು ಎರಡನೇ ದಿನಕ್ಕೇ ನಾತ ಹೊಡೆಯುತ್ತದೆ, ಆ ನಾತಕ್ಕೆ ಹೆದರಿಯೇ ಜನ ಒಣ ಕಸ ಕೂಡಿಡಲು ಒಲ್ಲೆ ಅನ್ನೋದು.

ಬೇರೆ ಪೊಟ್ಟಣಗಳಿಗೆ ಹೊಸ ನೀರು ಖರ್ಚು ಮಾಡಬೇಕಿಲ್ಲ. ಪಾತ್ರೆ ತೊಳೆದ ಕೊನೆಯ ನೀರಿನಲ್ಲೇ ಮೊಸರಿನ ಕಪ್ಪು, ಎಣ್ಣೆ ಕವರು, ಜಾಮ್ ಸೀಸೆ ಅದ್ದಿ ತೆಗೆದರೆ ಸಾಕು. ಪಳಪಳ ಹೊಳೆಯಬೇಕು ಅಂತ ಯಾರೂ ಕೇಳಲ್ಲ, ಇರುವೆ ಬರಬಾರದು ಅಷ್ಟೇ.

ಚೀಲದಲ್ಲಿ ಎಲ್ಲ ಒಣವೂ ಒಟ್ಟಿಗೆ ಇರಬಹುದು. ಪೇಪರ್, ಪ್ಲಾಸ್ಟಿಕ್, ಲೋಹ ಅಂತ ನೀವು ಮತ್ತೆ ವಿಂಗಡಿಸಬೇಕಿಲ್ಲ. ವಾರ್ಡಿನ ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರದಲ್ಲಿ ಆ ಕೆಲಸ ಮಾಡುವವರಿದ್ದಾರೆ. ಅವರಲ್ಲಿ ಹಲವರು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರು, ಹಸಿರು ದಳದಂಥ ಸಂಸ್ಥೆಯ ಜೊತೆ ಸೇರಿ ಈಗ ಕೇಂದ್ರಗಳನ್ನೇ ನಡೆಸುತ್ತಿದ್ದಾರೆ. ಮುಟ್ಟಿ, ಬೆರಳಲ್ಲಿ ಉಜ್ಜಿ, ಯಾವ ಪ್ಲಾಸ್ಟಿಕ್ ಅಂತ ಹೇಳಿಬಿಡುತ್ತಾರೆ. ನಾನು ಒಂದು ಬೆಳಿಗ್ಗೆ ಅಲ್ಲಿ ಕೂತು ನೋಡಿದೆ. ನಮ್ಮ ಕಣ್ಣಿಗೆ ಒಂದೇ ಥರ ಕಾಣುವ ಎರಡು ಮುಚ್ಚಳಗಳನ್ನು ಬೇರೆ ಬೇರೆ ಚೀಲಕ್ಕೆ ಎಸೆದರು. ಕೇಳಿದರೆ, “ಸದ್ದು ಬೇರೆ ಸಾರ್” ಅಂದರು.

ಪೇಪರ್, ರಟ್ಟು, ಬಾಟಲಿಯನ್ನು ನೀವು ಗುಜರಿಗೆ ಮಾರಿದರೆ ತಪ್ಪೇನೂ ಇಲ್ಲ. ಆದರೆ ಬೆಲೆ ಬರೋದನ್ನೆಲ್ಲ ಮಾರಿಕೊಂಡು, ಚಿಪ್ಸ್ ಪ್ಯಾಕೆಟ್ಟು, ಥರ್ಮೋಕೋಲು ಮಾತ್ರ ಕೇಂದ್ರಕ್ಕೆ ಕೊಟ್ಟರೆ ಅವರ ಹೊಟ್ಟೆ ತುಂಬೋದು ಹೇಗೆ? ಚಿಪ್ಸ್ ಪ್ಯಾಕೆಟ್ಟಿನಲ್ಲಿ ಪ್ಲಾಸ್ಟಿಕ್ಕು, ಲೋಹದ ಪದರ ಅಂಟಿಕೊಂಡಿರುತ್ತವೆ, ಬೇರೆ ಮಾಡಲಾಗದು. ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗಿ ಹೋಗುವುದೇ ಅದರ ಕೊನೆ. ನಮ್ಮ ಮನೆಯಲ್ಲಿ ದಿನಪತ್ರಿಕೆ ಗುಜರಿಗೆ, ಮಿಕ್ಕಿದ್ದೆಲ್ಲ ಕೇಂದ್ರಕ್ಕೆ.

ಒಡೆದ ಗಾಜು ಚೀಲಕ್ಕೆ ಹಾಗೇ ಬೀಳಬಾರದು. ದಪ್ಪ ಪೇಪರಿನಲ್ಲಿ ಸುತ್ತಿ ಮೇಲೆ ದೊಡ್ಡದಾಗಿ ‘ಗಾಜು’ ಅಂತ ಬರೆದು ಕೈಗೆ ಕೊಡಿ.

ಕೆಂಪು ಡಬ್ಬಿ ಮತ್ತು ರಟ್ಟಿನ ಪೆಟ್ಟಿಗೆ

ಪ್ಯಾಡು, ಡೈಪರ್‌ಗಳನ್ನು ಪೇಪರಿನಲ್ಲಿ ಸುತ್ತಿ, ಕೆಂಪು ಪೆನ್ನಿನಲ್ಲಿ ಒಂದು ಗುರುತು ಹಾಕಿ. ಮುಂದೆ ಅದನ್ನು ಹಿಡಿಯುವ ಕೈ ಬಿಚ್ಚಿ ನೋಡುವುದು ತಪ್ಪುತ್ತದೆ. ಬ್ಯಾಂಡೇಜು, ಗಾಯದ ಹತ್ತಿಯೂ ಇಲ್ಲೇ. ಮನೆಯಲ್ಲಿ ಇನ್ಸುಲಿನ್ ತಗೊಳ್ಳುವವರಿದ್ದರೆ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಯೊಳಗೆ ಕೂಡಿಡಿ, ತುಂಬಿದ ಮೇಲೆ ಮುಚ್ಚಳ ಬಿಗಿದು, ಏನಿದೆ ಅಂತ ಬರೆದು ಬೇರೆಯಾಗಿ ಕೊಡಿ. ಶೇವಿಂಗ್ ಬ್ಲೇಡಿಗೆ ಹಳೇ ತಗಡಿನ ಡಬ್ಬಿ.

ರಟ್ಟಿನ ಪೆಟ್ಟಿಗೆಗೆ ಟ್ಯೂಬ್‌ಲೈಟು, ಬಲ್ಬು, ಸೆಲ್ಲು, ಚಾರ್ಜರು, ಕೆಟ್ಟ ಮೊಬೈಲು, ಅವಧಿ ಮುಗಿದ ಮಾತ್ರೆ, ಸೊಳ್ಳೆ ಔಷಧಿಯ ಖಾಲಿ ಡಬ್ಬ. ಇದು ದಿನಾ ಕೊಡುವ ಕಸವಲ್ಲ, ಮೂರು ನಾಲ್ಕು ತಿಂಗಳಿಗೊಮ್ಮೆ ತುಂಬುತ್ತದೆ. ಮೊಬೈಲು, ಪವರ್‌ಬ್ಯಾಂಕಿನ ಲಿಥಿಯಂ ಬ್ಯಾಟರಿ ಮಾತ್ರ ಯಾವ ಡಬ್ಬಿಗೂ, ಚೀಲಕ್ಕೂ ಬೀಳಕೂಡದು. ಲಾರಿಯಲ್ಲಿ ಕಸ ಒತ್ತುವಾಗ ಅದು ಜಜ್ಜಿಹೋಗಿ ಬೆಂಕಿ ಹತ್ತುತ್ತದೆ. ಅದರ ತುದಿಗಳಿಗೆ ಸೆಲ್ಲೋಟೇಪ್ ಅಂಟಿಸಿಡಿ. ಇ-ತ್ಯಾಜ್ಯಕ್ಕೆ 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ಪ್ರತ್ಯೇಕ ನಿಯಮವಿದೆ. ಮಾರಿದ ಕಂಪನಿಯೇ ಹಳೆಯದಕ್ಕೂ ಹೊಣೆ, ನೋಂದಾಯಿತ ಮರುಬಳಕೆದಾರರ ಮೂಲಕವೇ ಅದು ವಿಲೇವಾರಿಯಾಗಬೇಕು. ಬೀದಿಯ ಗುಜರಿಯವನಿಗೆ ಕೊಟ್ಟರೆ ತಾಮ್ರಕ್ಕಾಗಿ ವೈರು ಸುಡುವ ಅಪಾಯವಿದೆ.

ಮನೆ ರಿಪೇರಿಯ ಇಟ್ಟಿಗೆ, ಟೈಲ್ಸ್ ಚೂರು ಟಿಪ್ಪರಿಗಲ್ಲ, ಅದಕ್ಕೂ ನಿಯಮ ಬೇರೆ. ಗುತ್ತಿಗೆದಾರ ಕೊಟೇಶನ್ ಕೊಡುವಾಗಲೇ ‘ಮಣ್ಣು, ಡೆಬ್ರಿಸ್ ಸಾಗಿಸುವುದು ಸೇರಿ’ ಅಂತ ಬರೆಸಿಕೊಳ್ಳಿ. ಕೆಲಸ ಮುಗಿದ ಮೇಲೆ ಕೇಳಿದರೆ ರಾತ್ರಿ ಹನ್ನೊಂದಕ್ಕೆ ಕೆರೆ ಪಕ್ಕ ಸುರಿದು ಬರುತ್ತಾನೆ.

ಮನೆಯಲ್ಲೇ ಗೊಬ್ಬರ ಮಾಡೋದಾದರೆ

ತಳ, ಪಕ್ಕ ತೂತಿರುವ ಮಡಕೆಯೋ ಬಕೆಟ್ಟೋ ಎರಡು ಬೇಕು. ಒಂದು ತುಂಬಿ ಕೂತಿರುವಾಗ ಇನ್ನೊಂದು ತುಂಬುತ್ತಿರುತ್ತದೆ. ತಳಕ್ಕೆ ಒಣ ಎಲೆ, ಮೇಲೆ ದಿನದ ಸಿಪ್ಪೆ, ಅದರ ಮೇಲೆ ಅಷ್ಟೇ ಪ್ರಮಾಣದ ಒಣ ಎಲೆಪುಡಿ ಅಥವಾ ತೆಂಗಿನ ನಾರಿನ ಪುಡಿ. ಶುರುವಿಗೆ ಒಂದು ಲೋಟ ಹುಳಿ ಮಜ್ಜಿಗೆ ಚಿಮುಕಿಸಿದರೆ ಕೊಳೆಯುವ ಕೆಲಸ ಬೇಗ ಹಿಡಿಯುತ್ತದೆ. ವಾರಕ್ಕೆರಡು ಸಲ ಕೋಲಿನಲ್ಲಿ ಕೆದಕಿ. ಮುಷ್ಟಿಯಲ್ಲಿ ಹಿಂಡಿದಾಗ ಒಂದೆರಡು ಹನಿಗಿಂತ ಜಾಸ್ತಿ ನೀರು ಬಂದರೆ ಎಲೆಪುಡಿ ಸೇರಿಸಿ. ಪುಡಿಪುಡಿಯಾಗಿ ಒಣಗಿದ್ದರೆ ನೀರು ಚಿಮುಕಿಸಿ.

ದಪ್ಪ ಬೂದು ಹುಳು ಕಂಡು ಕಿರುಚಿ ಮಡಕೆ ಎಸೆದವರು ನಮ್ಮಲ್ಲೇ ಇಬ್ಬರಿದ್ದಾರೆ. ಅದು ಒಂದು ಜಾತಿಯ ಕಪ್ಪು ನೊಣದ ಮರಿ, ಮನುಷ್ಯರಿಗೆ ತೊಂದರೆಯಿಲ್ಲ, ಕೆಲಸವನ್ನು ಅರ್ಧಕ್ಕಿಳಿಸುತ್ತದೆ. ಬೇಡವೆನಿಸಿದರೆ ಮೇಲೆ ಎಲೆಪುಡಿ ಹೆಚ್ಚು ಹಾಕಿ. ಕೊಳೆತ ವಾಸನೆ ಬಂದರೆ ಗಾಳಿಯಾಡುತ್ತಿಲ್ಲ, ಇಲ್ಲವೇ ನೀರು ಹೆಚ್ಚಾಗಿದೆ ಅಂತ. ಬೇರೆ ಕಾರಣ ನಾನು ಕಂಡಿಲ್ಲ. ಒಂದೂವರೆ ಎರಡು ತಿಂಗಳಿಗೆ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಆಗ ಜರಡಿ ಹಿಡಿದು ಕರಿಬೇವಿನ ಗಿಡಕ್ಕೆ ಹಾಕಿ.

ಅಂಗಡಿ, ದರ್ಶಿನಿ, ಪಿಜಿ ನಡೆಸುವವರಿಗೆ

ನಮ್ಮ ಭಾವ ಒಂದು ದರ್ಶಿನಿ ನಡೆಸುತ್ತಾರೆ. ಅವರ ಅನುಭವದಿಂದಲೇ ಹೇಳುತ್ತೇನೆ. ಮೊದಲು ಒಂದು ವಾರ ಕಸ ತೂಗಿ ನೋಡಿ. ದಿನಕ್ಕೆ 100 ಕಿಲೋ ಮುಟ್ಟಿದರೆ ನೀವು ಸಗಟು ತ್ಯಾಜ್ಯ ಉತ್ಪಾದಕರು. ಹೊಸ ನಿಯಮದಲ್ಲಿ ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ಅಥವಾ ನೀರಿನ ಬಳಕೆ ದಿನಕ್ಕೆ 40,000 ಲೀಟರ್ ಇದ್ದರೂ ಇದೇ ಗುಂಪು. ದೊಡ್ಡ ಅಪಾರ್ಟ್‌ಮೆಂಟು, ಕಲ್ಯಾಣ ಮಂಟಪ, ಪಿಜಿ, ಕಾಲೇಜು ಎಲ್ಲ ಇದರೊಳಗೆ ಬರಬಹುದು. ಆಗ ಬೀದಿಯ ಟಿಪ್ಪರ್ ನಿಮ್ಮದಲ್ಲ. ಹಸಿ ಕಸವನ್ನು ನಿಮ್ಮ ಜಾಗದಲ್ಲೇ ಗೊಬ್ಬರವೋ ಗ್ಯಾಸೋ ಮಾಡಬೇಕು, ಇಲ್ಲವಾದರೆ ಅನುಮತಿ ಪಡೆದ ಏಜೆನ್ಸಿಗೆ ಹಣ ಕೊಟ್ಟು ಸಾಗಿಸಬೇಕು. ಏಜೆನ್ಸಿಯವರು ಎಲ್ಲಿಗೆ ಒಯ್ಯುತ್ತಾರೆ ಅಂತ ಒಂದು ದಿನ ಗಾಡಿಯ ಹಿಂದೆ ಹೋಗಿ ನೋಡಿ. ಭಾವ ಹೋಗಿದ್ದರು, ಮುಂದಿನ ತಿಂಗಳು ಏಜೆನ್ಸಿ ಬದಲಾಯಿಸಿದರು.

ದರ್ಶಿನಿಯಲ್ಲಿ ಬೇರ್ಪಡಿಕೆ ಗೆಲ್ಲೋದೂ ಸೋಲೋದೂ ತಟ್ಟೆ ಇಡುವ ಜಾಗದಲ್ಲಿ. ಅಲ್ಲಿ ಒಂದೇ ಡಬ್ಬಿ ಇದ್ದರೆ ಗಿರಾಕಿ ಇಡ್ಲಿ ಚೂರು, ಟಿಶ್ಯೂ, ನೀರಿನ ಬಾಟಲಿ ಎಲ್ಲ ಅಲ್ಲೇ ಹಾಕುತ್ತಾನೆ, ಅವನನ್ನು ಬೈದು ಪ್ರಯೋಜನವಿಲ್ಲ. ಬಾಟಲಿಗೆ ಬಾಟಲಿಯಷ್ಟೇ ಅಗಲದ ದುಂಡು ತೂತಿರುವ ಬೇರೆ ಡಬ್ಬಿ ಇಟ್ಟರು. ಬೋರ್ಡು ಓದದವರಿಗೂ ತೂತು ಅರ್ಥವಾಯಿತು.

ಪೇಪರ್ ಕಪ್ಪಿನ ಒಳಗೆ ಪ್ಲಾಸ್ಟಿಕ್ ಪೊರೆ ಇರುತ್ತದೆ, ಅದು ಗೊಬ್ಬರವಾಗದು. ಸ್ಟೀಲ್ ಲೋಟಕ್ಕೆ ವಾಪಸ್ ಹೋಗಿ, ಕಾಫಿಯ ರುಚಿಯೂ ಚೆನ್ನ. ಪ್ಲಾಸ್ಟಿಕ್ಕಿನ ತಟ್ಟೆ, ಲೋಟ, ಚಮಚ, ಸ್ಟ್ರಾ, ಸಿಹಿ ಡಬ್ಬದ ಮೇಲೆ ಸುತ್ತುವ ಹಾಳೆ ಇವೆಲ್ಲ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಕರಿದ ಎಣ್ಣೆಯನ್ನು ಮೋರಿಗೆ ಸುರಿಯಬೇಡಿ, ಬೀದಿ ಬದಿಯ ಬೋಂಡಾ ಗಾಡಿಗೂ ಮಾರಬೇಡಿ. ಆಹಾರ ಸುರಕ್ಷತಾ ಪ್ರಾಧಿಕಾರದ ‘ರುಕೋ’ ಯೋಜನೆಯಡಿ ಅದನ್ನು ಬಯೋಡೀಸೆಲ್‌ಗೆ ಕೊಳ್ಳುವವರಿದ್ದಾರೆ. ದಿನಕ್ಕೆ 50 ಲೀಟರ್‌ಗಿಂತ ಹೆಚ್ಚು ಎಣ್ಣೆ ಬಳಸುವವರು ಲೆಕ್ಕದ ಪುಸ್ತಕವನ್ನೂ ಇಡಬೇಕು.

ಸಣ್ಣ ಅಂಗಡಿಯವರಿಗೆ ಇಷ್ಟೆಲ್ಲ ಇಲ್ಲ. ಮುಂದೆ ಒಂದು ಡಬ್ಬಿ, ಒಳಗೆ ರಟ್ಟು ಮಡಿಸಿಡಲು ಒಂದು ಮೂಲೆ ಸಾಕು. ಶಟರ್ ಎಳೆದ ಮೇಲೆ ಗುಡಿಸಿದ್ದನ್ನು ಮೋರಿಗೆ ತಳ್ಳಬೇಡಿ.

“ನಾವು ಬೇರ್ಪಡಿಸಿದ್ದನ್ನು ಅವರೇ ಸೇರಿಸಿಬಿಡುತ್ತಾರಲ್ಲ?”

ಸೇರಿಸುತ್ತಿದ್ದರು, ನಿಜ. ನಮ್ಮ ಬೀದಿಯಲ್ಲೇ ಕೆಲವು ತಿಂಗಳು ಹೀಗಾಯಿತು. ಜನ ಕೋಪದಿಂದ ಮತ್ತೆ ಒಂದೇ ಕವರಿಗೆ ಇಳಿದರು. ಕೊನೆಗೆ ನಾವು ಮೂವರು ಟಿಪ್ಪರಿನವರ ಜೊತೆ ಟೀ ಕುಡಿಯುತ್ತಾ ಕೇಳಿದೆವು. ಆ ಗಾಡಿಯಲ್ಲಿ ನಡುವೆ ತಡೆಯೇ ಇರಲಿಲ್ಲ, ಹಸಿ ಕಸದ ದಿನ ನಾವು ಒಣ ಚೀಲವನ್ನೂ ತಂದರೆ ಅವರು ಇಡುವುದಾದರೂ ಎಲ್ಲಿ? ಅಂದಿನಿಂದ ಒಣ ಕಸದ ದಿನ ಬಿಟ್ಟು ಬೇರೆ ದಿನ ಚೀಲ ಹೊರಗೆ ತರುವುದಿಲ್ಲ ಅಂತ ಇಪ್ಪತ್ತನಾಲ್ಕು ಮನೆಯವರೂ ಒಪ್ಪಿದೆವು. ತೊಳೆದು ಒಣಗಿಸಿದ ಕಸ ನಾಲ್ಕು ದಿನವಲ್ಲ, ತಿಂಗಳಿದ್ದರೂ ನಾರುವುದಿಲ್ಲ.

ಒಣ ಕಸದ ದಿನ ಬೀದಿಯಿಂದ ಬೀದಿಗೆ ಬದಲಾಗುತ್ತದೆ, ಟಿಪ್ಪರಿನವರನ್ನೇ ಕೇಳಿ ಫ್ರಿಜ್ಜಿನ ಮೇಲೆ ಬರೆದಿಡಿ. ಗಾಡಿ ಬಾರದಿದ್ದರೆ 1533ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಬಾರದ ಸಿಟ್ಟಿಗೆ ಮೂಲೆಯಲ್ಲಿ ಎಸೆದು ಬರಬೇಡಿ. ಒಂದು ಕವರ್ ಬಿದ್ದ ಕಡೆ ಸಂಜೆಗೆ ಹತ್ತು ಬೀಳುತ್ತವೆ, ಆಮೇಲೆ ನಾಯಿ, ಹಸು. 2025ರ ಅಕ್ಟೋಬರಿನಲ್ಲಿ ಹೀಗೆ ರಸ್ತೆಗೆ ಎಸೆದವರ ಮನೆ ಹುಡುಕಿ, ಅವರ ಬಾಗಿಲಲ್ಲೇ ಕಸ ಸುರಿದು ದಂಡ ಹಾಕಿದ್ದನ್ನು ಎಲ್ಲರೂ ನೋಡಿದ್ದಾರೆ.

ಮನೆಗೆಲಸದವರು ಬರುವ ಮನೆಯಲ್ಲಿ ಇನ್ನೊಂದು ಕೆಲಸ ಬಾಕಿ ಇದೆ. ಡಬ್ಬಿ ತೋರಿಸಿ ಹೇಳಿದರೆ ಸಾಲದು, ಮೊದಲ ವಾರ ಸಂಜೆ ನೀವೇ ಡಬ್ಬಿ ಬಗ್ಗಿ ನೋಡಿ. ತಪ್ಪು ಬಿದ್ದಿದ್ದರೆ ಅದು ಅವರದ್ದೇ ಅಂತ ತೀರ್ಮಾನಿಸಬೇಡಿ. ನಮ್ಮ ಮನೆಯಲ್ಲಿ ಮೂರು ದಿನ ಹಸಿರು ಡಬ್ಬಿಯಲ್ಲಿ ಸಿಕ್ಕ ಮೊಸರಿನ ಕಪ್ಪು ನನ್ನದೇ ಆಗಿತ್ತು.